ಸೋಮವ್ವ ಕೈ ಅಡ್ಡ ಹಿಡಿದ ಕಾರು

ನಾನು ವಾಸು. ಇಪ್ಪತ್ತೆರಡು ವರ್ಷಗಳಿಂದ ಉಡುಪಿ–ಮಣಿಪಾಲ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಜನ ನನ್ನ ಬಾಯಿಗೆ ಹೆದರುತ್ತಾರೆ, ಹೆದರಲಿ. ಆದರೆ ರಸ್ತೆ ಬದಿಯಲ್ಲಿ ಯಾರು ಎಲ್ಲಿ ಕೈ ಅಡ್ಡ ಹಿಡಿದರೂ ಬಸ್ ನಿಲ್ಲಿಸದೆ ಹೋದವನಲ್ಲ. ಸ್ಟಾಪ್ ಇರಲಿ, ಇಲ್ಲದಿರಲಿ, ನಮ್ಮ ಕಡೆ ಬಸ್ ಅಂದರೆ ಹಾಗೆಯೇ.

ಸೋಮವ್ವ ನನ್ನ ಬಸ್ ಹತ್ತಲು ಶುರುಮಾಡಿ ಆರು ವರ್ಷ. ಬಾಗಲಕೋಟೆ ಕಡೆಯವಳು, ಅಂಬಲಪಾಡಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಅವಳ ಗಂಡ ಮಾನಪ್ಪ ಕಟ್ಟಡದ ಕೆಲಸದಲ್ಲಿ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡವನು, ಹಾಸಿಗೆ ಬಿಟ್ಟು ಏಳಲಾರ. ಬೆಳಿಗ್ಗೆ ಅವನ ಮೈ ಒರೆಸಿ, ರೊಟ್ಟಿ ತಿನ್ನಿಸಿ, ಮಣಿಪಾಲಕ್ಕೆ ಬಂದು ಹಾಸ್ಟೆಲ್ ಗುಡಿಸಿ, ಹನ್ನೊಂದು ನಲವತ್ತರ ಬಸ್ಸಿಗೆ ಹಿಂದಿರುಗುತ್ತಿದ್ದಳು. ಹನ್ನೆರಡು ದಾಟಿದರೆ ಅವನು ಒದ್ದೆಯಲ್ಲೇ ಮಲಗಿರಬೇಕು. ಮಗ್ಗುಲಾಗುವುದಕ್ಕೂ ಅವನಿಗೆ ಅವಳೇ ಬೇಕು.

“ಬೇಗ ಹತ್ತು ಮಾರಾಯ್ತಿ, ಬಸ್ ಎಂತ ನಿನ್ನ ಅಪ್ಪಂದಾ?” ಎಂದು ನಾನು ದಿನಾ ಬೈಯುತ್ತಿದ್ದೆ.

“ಬಂದೆ ಅಣ್ಣಾರ, ಬೈಬ್ಯಾಡ್ರಿ,” ಎಂದು ನಗುತ್ತಾ ಹತ್ತುತ್ತಿದ್ದಳು.

ಹೋದ ವರ್ಷ ಊರು ಉದ್ಧಾರ ಮಾಡುವವರು ಬಂದರು. ಹಾಸ್ಟೆಲ್ ರಸ್ತೆಯಲ್ಲಿ ಡ್ರೈವರ್ ಇಲ್ಲದ ಕಾರಿನ ಪ್ರಯೋಗವಂತೆ. ನಮ್ಮ ಬಸ್ಸು ಕಂಡಕಂಡಲ್ಲಿ ನಿಲ್ಲುವುದರಿಂದ ಕಾರಿಗೆ ಗೊಂದಲವಾಗುತ್ತದಂತೆ, ಆದ್ದರಿಂದ ಬಸ್ಸು ಕೆಳಗಿನ ಸರ್ಕಲ್ಲಿನಿಂದಲೇ ತಿರುಗಬೇಕಂತೆ. ಐವತ್ತು ಜನರ ಬಸ್ಸು ಕೆಳಗೆ, ನಾಲ್ಕು ಜನರ ಕಾರು ಮೇಲೆ! ಈ ನಕ್ಷೆ ಬರೆದವನ ತಲೆಯಲ್ಲಿ ಎಂತ ಉಂಟೋ ದೇವರಿಗೇ ಗೊತ್ತು. ಪ್ರಯೋಗ ಗೆದ್ದರೆ ಆ ರಸ್ತೆ ಕಾಯಂ ಆಗಿ ಕಾರಿಗೆ, ಸೋತರೆ ಬಸ್ಸು ಮತ್ತೆ ಮೇಲಕ್ಕೆ ಎಂದು ನೋಟಿಸಿನಲ್ಲಿತ್ತು.

ಸೋಮವ್ವ ಈಗ ಅರ್ಧ ಗಂಟೆ ಇಳಿಜಾರಿನಲ್ಲಿ ಓಡಿ ಬರಬೇಕಾಯಿತು. ವಾರದಲ್ಲಿ ನಾಲ್ಕು ದಿನ ಬಸ್ ತಪ್ಪುತ್ತಿತ್ತು. ನಾನು ಕಾಯೋಣವೆಂದರೆ ನಮಗೆ ನಿಮಿಷದ ಲೆಕ್ಕದ ಟೈಮಿಂಗ್, ತಡವಾದರೆ ಹಿಂದಿನ ಬಸ್ಸಿನವನು ಜಗಳಕ್ಕೇ ಬರುತ್ತಾನೆ.

ಒಂದು ಮಧ್ಯಾಹ್ನ ತಡವಾಗಿ ಹೊರಟವಳು ಮೇಲಿನಿಂದ ಇಳಿದು ಬಂದ ಆ ಕಾರಿಗೇ ಕೈ ಅಡ್ಡ ಹಿಡಿದಳು. ಕಾರು ಗಕ್ಕನೆ ನಿಂತಿತು. ಇವಳು ಬಾಗಿಲ ಹತ್ತಿರ ಹೋಗಿ, ಡ್ರೈವರ್ ಸೀಟು ಖಾಲಿ ಇದ್ದದ್ದನ್ನೂ ನೋಡದೆ, “ಬಾಗಲಾ ತಗೀರಿ, ಸರ್ಕಲ್ ಮಟ ಬಿಡ್ರಿ,” ಎಂದು ಅಂಗಲಾಚಿದಳು. ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಎಂಜಿನಿಯರ್ ಹುಡುಗಿ ಮೋಕ್ಷಾ ಖುಷಿಯಿಂದ ಇಳಿದು ಬಂದು, “ಅಕ್ಕಾ, ಇನ್ನೊಮ್ಮೆ ಹಾಗೇ ಅಡ್ಡ ಬನ್ನಿ,” ಎಂದಳಂತೆ. ಹೊರಗಿನವರನ್ನು ಹತ್ತಿಸಿಕೊಳ್ಳುವ ರೂಲ್ಸ್ ಇಲ್ಲವಂತೆ, ಕೆಲಸ ಮಾತ್ರ ಉಂಟಂತೆ. ಎಂಟರಿಂದ ಹನ್ನೊಂದರವರೆಗೆ ಕಾರಿಗೆ ಅಡ್ಡ ಬರುವ ಕೆಲಸ! ಕೊಡೆ ಹಿಡಿದು, ತಲೆಯ ಮೇಲೆ ಗಂಟು ಹೊತ್ತು, ಒಮ್ಮೊಮ್ಮೆ ಸಡನ್ನಾಗಿ.

ಹನ್ನೊಂದಕ್ಕೆ ಬಿಟ್ಟರೆ ನನ್ನ ಬಸ್ ಸಿಗುತ್ತದೆ. ಸೋಮವ್ವ ಹಾಸ್ಟೆಲ್ ಕೆಲಸ ಬಿಟ್ಟು ಒಪ್ಪಿಕೊಂಡಳು.

ನನಗೆ ಪಿತ್ತ ನೆತ್ತಿಗೇರಿತು. “ನಿನಗೆ ಮಂಡೆ ಸಮ ಉಂಟಾ? ಅದು ನಿಲ್ಲುವುದಕ್ಕೆ ಕಲಿತರೆ ನಮ್ಮ ಬಸ್ ಮತ್ತೆ ಮೇಲೆ ಬರುವುದಿಲ್ಲ. ಪ್ರಯೋಗ ಮುಗಿದ ಮೇಲೆ ಈ ಕೆಲಸವೂ ಇಲ್ಲ.”

“ಗೊತ್ತೈತ್ರೀ ಅಣ್ಣಾರ. ಆದ್ರ ಇವತ್ತು ಮಧ್ಯಾಹ್ನ ಅವರನ್ನ ಎಬ್ಬಸಾವ್ರು ಯಾರು?”

ಅತ್ತ ದರಿ ಇತ್ತ ಪುಲಿ ಎನ್ನುತ್ತಾರಲ್ಲ, ಅವಳದ್ದು ಅದೇ ಪಾಡು.

ನಾಲ್ಕು ತಿಂಗಳಾದ ಮೇಲೆ ಪ್ರಯೋಗ ಗೆದ್ದಿತೋ ಸೋತಿತೋ ತೀರ್ಮಾನಿಸಲು ಸಭೆ ಕರೆದರು. ಅವಳನ್ನೇ ಸಾಕ್ಷಿ ಹೇಳಲು ನಿಲ್ಲಿಸುತ್ತಾರೆಂದು ತಿಳಿದು, ಒಳಗೆ ಹೋಗುವ ಮುಂಚೆ, “ಒಂದೆರಡು ಸಲ ನಿಲ್ಲಲಿಲ್ಲ ಅಂತ ಹೇಳು, ಸಾಕು,” ಎಂದೆ. ಹೌದು, ಸುಳ್ಳು ಹೇಳಲು ಹೇಳಿಕೊಟ್ಟವನು ನಾನೇ. ಅವಳು ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು.

“ಕಾರು ನಿಮ್ಮನ್ನು ನೋಡಿ ನಿಲ್ಲುತ್ತದೆಯೇ?” ಎಂದು ಅಧಿಕಾರಿ ಕೇಳಿದರು.

“ನಿಲ್ಲತೈತ್ರೀ,” ಎಂದಳು. ಚಪ್ಪಾಳೆ ಬಿತ್ತು. ಮೈಕ್ ತೆಗೆದುಕೊಳ್ಳಲು ಬಂದವನ ಕೈಯನ್ನು ಅವಳು ತಡೆದಳು. “ನಿಲ್ಲತೈತಿ, ಆದ್ರ ಹತ್ತಿಸಿಕೊಳ್ಳಂಗಿಲ್ಲ. ನನಗ ಮನಿ ಮುಟ್ಟಬೇಕ್ರೀ.”

ಗುಮಾಸ್ತ ಅಷ್ಟರಲ್ಲಿ ‘ನಿಲ್ಲುತ್ತದೆ’ ಎಂದು ಬರೆದು ಪೆನ್ನಿನ ಟೋಪಿ ಹಾಕಿಯಾಗಿತ್ತು. “ಪೂರ್ತಿ ಬರೆಯಿರಿ ಸ್ವಾಮೀ!” ಎಂದು ನಾನು ಕೂಗಿದೆ. ಕೂರಲು ಹೇಳಿದರು.

ರಸ್ತೆ ಕಾರಿನದ್ದಾಯಿತು. ಸೋಮವ್ವ ಹಾಸ್ಟೆಲ್ ಗುಡಿಸುವ ಕೆಲಸಕ್ಕೇ ಮರಳಿದಳು. ಈಗ ಅವಳಿಗೆ ಸಿಗುವುದು ಹನ್ನೆರಡೂವರೆಯ ಬಸ್ಸು. ಮೊನ್ನೆ ಆ ಟ್ರಿಪ್ಪಿನಲ್ಲಿ ನಾನೇ ಇದ್ದೆ. ಏದುಸಿರು ಬಿಡುತ್ತಾ ಹತ್ತಿದವಳಿಗೆ ಬೈಯಲು ಬಾಯಿ ಬರಲಿಲ್ಲ. “ಮಾನಪ್ಪನಿಗೆ ಹೇಗೆ ಮಾರಾಯ್ತಿ, ಇಷ್ಟು ಹೊತ್ತು?” ಎಂದೆ.

“ಈಗ ತ್ರಾಸಿಲ್ಲ ಅಣ್ಣಾರ,” ಎಂದಳು. “ಅವರು ಮುಂಜಾನಿಂದ ನೀರು ಕುಡಿಯೂದು ಬಿಟ್ಟಾರ.”