ಕಿವಿಯ ಮಷೀನು

ನಮ್ಮನೆಯವರ ಉತ್ತರಕ್ರಿಯೆ ಮುಗಿದ ಮೇಲೆ, ಅವರ ಕಿವಿಯ ಮಷೀನು ಯಾರಿಗಾದರೂ ಆಗಲಿ ಎಂದು ಅದನ್ನು ಕೊಂಡಿದ್ದ ಕುಂದಾಪುರದ ಅಂಗಡಿಗೇ ಒಯ್ದೆ. ಅಲ್ಲಿ ಉಪ್ಪುಂದದ ಅಜ್ಜರೊಬ್ಬರು, ಹೊಸದು ಕೊಳ್ಳಲು ಕೈಲಾಗದೆ, ಏಳಲು ಹೊರಟಿದ್ದರು. ಅಂಗಡಿಯವರು ನಮ್ಮ ಮಷೀನನ್ನು ಒರೆಸಿ, ಸರಿಮಾಡಿ ಅವರ ಕಿವಿಗಿಟ್ಟರು.

“ಅಜ್ಜಾ, ಕೇಂತಿತ್ತಾ?” ನಾನೇ ಕೇಳಿದೆ.

ಅಜ್ಜ ಬೆಚ್ಚಿಬಿದ್ದರು. “ಹ್ವಾಯ್, ಇಷ್ಟ್ ಬೊಬ್ಬೆ ಎಂತಕೆ? ಲಾಯ್ಕ್ ಕೇಂತಿತ್ತ್.”

ಅಂಗಡಿಯವರು ನಕ್ಕರು. ನಾನೂ ನಗಲು ನೋಡಿದೆ. ಇಷ್ಟು ವರ್ಷ, ಮಷೀನಿಟ್ಟರೂ ಸರಿಯಾಗಿ ಕೇಳದ ಒಬ್ಬರಿಗಾಗಿ ದನಿ ಏರಿಸಿ ಏರಿಸಿ ಊರಿಗೆಲ್ಲ ಜೋರಿನ ಹೆಂಗಸಾಗಿದ್ದೆ.

“ಮೆಲ್ಲ ಮಾತಾಡಿರೂ ಸಾಕ್,” ಅಂದರು ಅಜ್ಜ.

ಸರಿ, ಇನ್ನು ಮೆಲ್ಲಗೇ ಮಾತಾಡಬಹುದು. ಆದರೆ ಮನೆಯಲ್ಲಿ ಯಾರ ಹತ್ತಿರ?