ಮಂಗಲಾಳ ಗಾಡಿಯೊಳಗಿನ ಹೊಗೆ

ಬೇಡಗ ಎಂಬ ಹಳ್ಳಿಯಲ್ಲಿ ಯಾರಿಗಾದರೂ ಮೈಯಲ್ಲಿ ಹುಷಾರಿಲ್ಲದೆ ಮಿರಜಿನ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಮಂಗಲಾಳಿಗೆ ಫೋನು ಹೋಗುತ್ತಿತ್ತು. ಅವಳ ಹತ್ತಿರ ಒಂದು ಬಿಳಿ ಅಂಬಾಸಿಡರ್ ಇತ್ತು. ಗಂಡ ಧೋಂಡಪ್ಪ ಅದನ್ನು ಸಾಂಗಲಿಯ ಅರಿಷಿಣದ ವ್ಯಾಪಾರಿಯೊಬ್ಬರಿಂದ ಕೊಂಡು ಬಾಡಿಗೆಗೆ ಓಡಿಸಿಕೊಂಡಿದ್ದ. ಅವನ ಕಣ್ಣು ಮಂಜಾದ ಮೇಲೆ ಸ್ಟಿಯರಿಂಗ್ ಮಂಗಲಾಳ ಕೈಗೆ ಬಂತು. ಅವಳು ಸಲಗರೆಯ ಕುರಿಗಾರರ ಮನೆಯ ಮಗಳು. ಲಾರಿಗಳು ನುಗ್ಗುವ ರಸ್ತೆಯಲ್ಲಿ ಕುರಿಹಿಂಡು ದಾಟಿಸಿದವಳಿಗೆ ಇದೇನು ಮಹಾ ಎಂದು ನಗುತ್ತಿದ್ದಳು. ಹೆಂಗಸು ಓಡಿಸುವ ಗಾಡಿ ಎಂದು ಮೊದಲು ಹಿಂದೆಮುಂದೆ ನೋಡಿದ ಜನ, ಅವಳು ಹೊಂಡ ಬಂದಲ್ಲಿ ಎಷ್ಟು ಮೆಲ್ಲಗೆ ಗಾಡಿ ಇಳಿಸಿ ಹತ್ತಿಸುತ್ತಾಳೆಂದು ಕಂಡ ಮೇಲೆ ಬಸುರಿಯರನ್ನೂ ಆಪರೇಷನ್ ಆದವರನ್ನೂ ಅವಳ ಜೊತೆಗೇ ಕಳಿಸತೊಡಗಿದರು.

ಅವಳ ಕಾಯಂ ಗಿರಾಕಿ ಚಂದ್ರಾಬಾಯಿ. ದ್ರಾಕ್ಷಿ ತೋಟವಿದ್ದ ಜೈನರ ಮನೆಯ ಹಿರಿಯಳು. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಮಿರಜಿನಲ್ಲಿ ಡಯಾಲಿಸಿಸ್ ಆಗಬೇಕಿತ್ತು. ಮಗ ಜಯಪಾಲ ಜೊತೆಗೆ ಬರುತ್ತಿದ್ದ. ಬೇರೆ ಗಾಡಿಗಳಲ್ಲಿ ಮುದುಕಿಗೆ ಮೈ ಕುಲುಕಿ ನೋಯುತ್ತಿತ್ತು. ಅಂಬಾಸಿಡರಿನ ಅಗಲವಾದ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಬಹುದಿತ್ತು.

ಗಾಡಿಗೆ ಒಂದು ರೋಗವಿತ್ತು. ಎಲ್ಲಿ ನಿಲ್ಲಿಸಿದರೂ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಇಂಜಿನ್ನಿನ ನೆತ್ತಿಯ ಮುಚ್ಚಳದಿಂದ ಜಿನುಗಿದ ಎಣ್ಣೆ ಕಾದ ಸೈಲೆನ್ಸರಿನ ಬುಡಕ್ಕೆ ಬಿದ್ದು ಸುಟ್ಟ ವಾಸನೆ ಒಳಗೆಲ್ಲ ಹರಡುತ್ತಿತ್ತು. ಕುಪವಾಡದ ಮೆಕ್ಯಾನಿಕ್ ಪಾಯಪ್ಪ ಆ ಮುಚ್ಚಳದ ಸಂದಿ ಬಿಗಿಯುವ ಗ್ಯಾಸ್ಕೆಟ್ ಮೂರು ಸಲ ಬದಲಿಸಿದ್ದ. ತಿಂಗಳೊಳಗೆ ಮತ್ತೆ ಅದೇ ಪಾಡು. ಹಳೆಯ ಗಾಡಿ ಎಂದ ಮೇಲೆ ವಾಸನೆ ಇದ್ದದ್ದೇ ಎಂದು ಎಲ್ಲರೂ ರೂಢಿ ಮಾಡಿಕೊಂಡಿದ್ದರು.

ಚಳಿಗಾಲ ಬಂತು. ಚಂದ್ರಾಬಾಯಿಗೆ ತಣ್ಣನೆ ಗಾಳಿ ತಾಗಬಾರದೆಂದು ಜಯಪಾಲ ಕಿಟಕಿಗಳನ್ನೆಲ್ಲ ಏರಿಸಿ, ಗಾಜಿನ ಸಂದಿಗೆ ಬಟ್ಟೆ ತುರುಕಿದ. ಆವತ್ತಿನಿಂದ ಮಂಗಲಾಳಿಗೆ ಮಿರಜ ಮುಟ್ಟುವಷ್ಟರಲ್ಲಿ ತಲೆ ಸಿಡಿಯುವಂತಾಗುತ್ತಿತ್ತು. ಬೆಳಿಗ್ಗೆ ಏನೂ ತಿನ್ನದೆ ಹೊರಡುತ್ತೇನಲ್ಲ, ಅದಕ್ಕೇ ಇರಬೇಕು ಎಂದುಕೊಂಡಳು. ಚಂದ್ರಾಬಾಯಿ ದಾರಿಯುದ್ದಕ್ಕೂ ತೂಕಡಿಸುತ್ತಿದ್ದಳು. ಅದು ಕಾಯಿಲೆಯ ದಣಿವು ಎಂದು ಮಗ ತಿಳಿದ.

ಕಬ್ಬಿನ ಹಂಗಾಮು ಜೋರಾಗಿದ್ದ ಒಂದು ಮುಂಜಾನೆ, ಊರು ಬಿಟ್ಟು ಸ್ವಲ್ಪ ದೂರದಲ್ಲಿ ಕಬ್ಬು ತುಂಬಿದ ಟ್ರಾಲಿಯೊಂದು ರಸ್ತೆಗೆ ಅಡ್ಡ ಮಗುಚಿತ್ತು. ಹಿಂದೆ ವಾಹನಗಳ ಸಾಲು. ಚಳಿಯಲ್ಲಿ ಒಮ್ಮೆ ಆರಿಸಿದರೆ ಮತ್ತೆ ಚಾಲೂ ಆಗಲು ಸತಾಯಿಸುವ ಗಾಡಿ ಅದು. ಮಂಗಲಾ ಇಂಜಿನ್ ಆರಿಸಲಿಲ್ಲ.

ಕಾದರು. ಪಕ್ಕದ ಸೀಟಿನಲ್ಲಿ ಜಯಪಾಲ ಬಾಯಿ ತೆರೆದು ನಿದ್ದೆ ಹೋಗಿದ್ದ. ಮಂಗಲಾಳ ಕಣ್ಣೂ ಭಾರವಾದವು. ಮುಂದಿನ ಜೀಪು ಒಂದಿಷ್ಟು ಸರಿಯಿತು. ತಾನೂ ಸರಿಯಬೇಕು ಎಂದುಕೊಂಡಳು, ಆದರೆ ಕಾಲು ಮಾತು ಕೇಳಲಿಲ್ಲ. ಇದೇನು ಹೀಗೆ ಎಂದು ಕನ್ನಡಿಯಲ್ಲಿ ಹಿಂದೆ ನೋಡಿದಳು. ಚಂದ್ರಾಬಾಯಿಯ ತಲೆ ಎದೆಗೆ ಜೋತಿತ್ತು. ತುಟಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು.

“ಮಾವಶಿ,” ಎಂದು ಮುದುಕಿಯನ್ನು ಕರೆದಳು. ನಾಲಿಗೆ ದಪ್ಪವಾಗಿತ್ತು. “ಮಾವಶಿ! ಜಯಪಾಲ, ಏಳೋ! ನಿಮ್ಮವ್ವನ್ನ ನೋಡೋ!”

ಜಯಪಾಲ ಏಳಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದರೆ ಬಾಗಿಲಿನ ಮೇಲೆ ವಾಲಿದ. ಇಬ್ಬರೂ ಒಮ್ಮೆಗೇ ಹೀಗೆ ಮಲಗುವುದು ನಿದ್ದೆಯಲ್ಲ ಎಂದು ಆಗ ಅವಳಿಗೆ ಹೊಳೆಯಿತು. ಬಾಗಿಲಿನ ಹಿಡಿಕೆ ಕೈಗೆ ಸಿಕ್ಕಿ ಜಾರಿತು, ಮತ್ತೆ ಸಿಕ್ಕಿತು. ಭುಜದಿಂದ ಬಾಗಿಲು ದೂಡಿ ರಸ್ತೆಯ ಮೇಲೆ ಬಿದ್ದಳು. ತಣ್ಣನೆ ಗಾಳಿ ಎದೆಯೊಳಗೆ ಹೋಗಿ ಕೆಮ್ಮು ಒತ್ತರಿಸಿತು. ಎದ್ದು ನಿಲ್ಲಲು ಆಗಲಿಲ್ಲ. ಮೊಣಕಾಲಿನ ಮೇಲೆಯೇ ತೆವಳಿ ಹಿಂದಿನ ಬಾಗಿಲು ತೆರೆದು, ಮುದುಕಿಯ ಕಂಕುಳಿಗೆ ಕೈ ಹಾಕಿ ಎಳೆದಳು. ಇಬ್ಬರೂ ಕೂಡಿ ಮಣ್ಣಿಗೆ ಉರುಳಿದರು.

“ಯಾರರ ಬರ್ರಿ! ಒಳಗ ಇನ್ನೊಬ್ಬಾಂವ ಅದಾನ!”

ಕಬ್ಬು ಎತ್ತುತ್ತಿದ್ದವರು ಓಡಿಬಂದು ಜಯಪಾಲನನ್ನು ಹೊರಗೆ ತಂದರು. ಹಿಂದಿದ್ದ ಹಾಲಿನ ಟೆಂಪೋದವನು ಗಾಡಿ ತಿರುಗಿಸಿ, ಹೊಲದ ದಾರಿ ಹಿಡಿದು ಮೂವರನ್ನೂ ಮಿರಜಿಗೆ ಮುಟ್ಟಿಸಿದ.

ಆಸ್ಪತ್ರೆಯಲ್ಲಿ ಮೂವರಿಗೂ ಆಮ್ಲಜನಕ ಹಚ್ಚಿದರು. ಡಾಕ್ಟರು ಮಂಗಲಾಳನ್ನು ಕೇಳಿದ ಮೊದಲ ಪ್ರಶ್ನೆಯೇ, ಗಾಡಿಯ ಕಿಟಕಿ ಮುಚ್ಚಿದ್ದವೇ ಎಂಬುದು. ಸೈಲೆನ್ಸರಿನ ವಿಷಗಾಳಿ ಒಳಗೆ ಸೇರಿದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ, ನಿಮ್ಮ ಮೂಗಿಗೆ ಬರುತ್ತಿದ್ದದ್ದು ಸುಟ್ಟ ಎಣ್ಣೆಯದು ಮಾತ್ರ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದರು. ಜಯಪಾಲನಿಗೆ ಬೇಗ ಎಚ್ಚರವಾಯಿತು. ಚಂದ್ರಾಬಾಯಿ ಮರುದಿನದವರೆಗೂ ಕಣ್ಣು ಬಿಡಲಿಲ್ಲ. ಅಷ್ಟು ಹೊತ್ತೂ ಮಂಗಲಾ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಮುದುಕಿ ನೀರು ಕೇಳಿದಳೆಂದು ನರ್ಸು ಬಂದು ಹೇಳಿದಾಗ ಮುಖ ಮುಚ್ಚಿಕೊಂಡು ಅತ್ತಳು.

ಜಯಪಾಲ ಅವಳ ಮುಂದೆ ಬಂದು ನಿಂತ.

“ಮಂಗಲಕ್ಕ, ಇನ್ನ ಆ ಗಾಡಿ ನಮ್ಮ ಮನಿ ಮುಂದ ಬರಬಾರದು.”

ಆಗಲಿ ಎಂದು ಅವಳು ತಲೆಯಾಡಿಸಿದಳು.

ಮನೆಯಲ್ಲಿ ಧೋಂಡಪ್ಪ ಒಂದೇ ಮಾತು ಹಿಡಿದ. “ಮಾರಿಬಿಡು. ಹಳೇ ಗಾಡಿ ಹುಚ್ಚಿನವರು ಸಾಂಗಲ್ಯಾಗ ಭಾಳ ಮಂದಿ ಅದಾರ. ನಾಳೇನ ಒಯ್ತಾರ.”

“ಕೊಂಡವರು ತಮ್ಮ ಮಕ್ಕಳನ್ನ ಕುಂದ್ರಿಸಿಕೊಂಡು ಕಿಟಕಿ ಮುಚ್ಚಿದ್ರ?” ಎಂದಳು ಮಂಗಲಾ. “ಒಂದೋ ದುರಸ್ತಿ ಆಗಬೇಕು, ಇಲ್ಲಂದ್ರ ಒಡದು ಗುಜರಿಗೆ ಹಾಕಬೇಕು. ಹಿಂಗ ಇದ್ದದ್ದನ್ನ ಮತ್ತೊಬ್ಬರ ಕೈಗೆ ಕೊಡಂಗಿಲ್ಲ ನಾ.”

ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಕುಪವಾಡಕ್ಕೆ ಎಳೆಸಿದಳು. ಸುದ್ದಿ ಪಾಯಪ್ಪನಿಗೆ ಆಗಲೇ ಮುಟ್ಟಿತ್ತು. ಅವಳನ್ನು ಕಂಡ ಕೂಡಲೆ ಧ್ವನಿ ಏರಿಸಿದ. “ನಾ ಎಣ್ಣಿ ಸೋರೂದು ಬಂದ್ ಮಾಡಿ ಕೊಟ್ಟೇನಿ. ಹೊಗಿ ಒಳಗ ಬರ್ತೈತಿ ಅಂತ ನೀ ಎಂದೂ ಹೇಳಿಲ್ಲ!”

“ಜಗಳಕ್ಕ ಬಂದಿಲ್ಲ ಕಾಕಾ. ಎಲ್ಲಿಂದ ಬರ್ತೈತಿ ಅನ್ನೂದು ತೋರಸ್ರಿ. ಕಣ್ಣಿಂದ ನೋಡೂತನಕ ಹೋಗಂಗಿಲ್ಲ.”

ಪಾಯಪ್ಪ ಗಾಡಿಯನ್ನು ಬಯಲಿಗೆ ತಳ್ಳಿಸಿ ಬಾನೆಟ್ ಎತ್ತಿದ. ಇಂಜಿನ್ ಚಾಲೂ ಮಾಡಿದ ಕೂಡಲೆ ಮಂಗಲಾ, ಹೊಗೆ ಸೋರುವ ಕಡೆಯಿಂದಲೇ ಹೊರಬೀಳಲೆಂದು, ಸೈಲೆನ್ಸರಿನ ಬಾಯಿಗೆ ಒದ್ದೆ ಗೋಣಿಚೀಲ ಒತ್ತಿ ಹಿಡಿದಳು. ಇಂಜಿನ್ ಬಿಸಿಯಾಗುವ ಮೊದಲೇ ಪಾಯಪ್ಪ ಹೊಗೆಕೊಳವೆಯ ಕೀಲುಕೀಲಿಗೆ ಸಾಬೂನಿನ ನೀರು ಹಚ್ಚಿದ. ಅದು ಇಂಜಿನ್ನಿಗೆ ಕೂಡುವಲ್ಲಿ ಬುರುಬುರು ಗುಳ್ಳೆಗಳೆದ್ದವು. ಅಲ್ಲಿನ ಗ್ಯಾಸ್ಕೆಟ್ ಸುಟ್ಟು ತೂತಾಗಿತ್ತು. ಅದರ ನೇರಕ್ಕೆ, ಇಂಜಿನ್ನಿಗೂ ಸೀಟಿಗೂ ನಡುವಿನ ತಗಡಿನಲ್ಲಿ, ಡ್ರೈವರನ ಕಾಲಿನ ಮೇಲುಗಡೆ, ವೈರು ಹಾಯುವ ರಂಧ್ರದ ರಬ್ಬರು ಪುಡಿಯಾಗಿ ಹೋಗಿತ್ತು.

“ಹಾ, ಇಲ್ಲೈತಿ ದಾರಿ,” ಎಂದ ಪಾಯಪ್ಪ, ಸಣ್ಣ ದನಿಯಲ್ಲಿ.

ಗ್ಯಾಸ್ಕೆಟ್ ಬದಲಿಸಲು ಹೊಗೆಕೊಳವೆ ಬಿಚ್ಚಬೇಕು. ಐದು ಬೋಲ್ಟು ಬಂದವು. ಆರನೆಯದು ತುಕ್ಕಿನಲ್ಲಿ ಹೂತು ಕದಲಲೇ ಇಲ್ಲ.

“ಇದು ಮುರೀತಂದ್ರ ಇಂಜಿನ್ನಿನ ತಲಿ, ಹೆಡ್ಡ, ಬಿಚ್ಚಬೇಕು ತಂಗಿ. ಹೆಡ್ಡ ಕೆಟ್ಟಿತಂದ್ರ ಬ್ಯಾರೆ ಸಿಗೂದು ಕಠಿಣ. ಗಾಡಿ ಇಲ್ಲಿಗೇ ಮುಗೀತು. ಮಾಡ್ಲೋ, ಬ್ಯಾಡೋ?”

“ಮಾಡ್ರಿ.”

ಗ್ಯಾಸಿನ ಉರಿಯಿಂದ ಬೋಲ್ಟಿನ ಸುತ್ತ ಕಾಯಿಸಿದ, ಎಣ್ಣೆ ಬಿಟ್ಟ, ಆರಲು ಬಿಟ್ಟು ಮತ್ತೆ ಕಾಯಿಸಿದ. ಬೋಲ್ಟು ತಿರುಗಿಸುವ ಪಾನಾ ಹಾಕಿ ಮೈಭಾರವೆಲ್ಲ ಕೊಟ್ಟು ಜಗ್ಗಿದ. ಕಟ್ ಎಂದು ಸದ್ದಾಯಿತು. ಮಂಗಲಾ ಕಣ್ಣು ಮುಚ್ಚಿಕೊಂಡಳು. ಪಾಯಪ್ಪನೂ ಕೈ ಹಾಗೇ ಹಿಡಿದು ನಿಂತ. ಆಮೇಲೆ ಪಾನಾವನ್ನು ಕೂದಲೆಳೆಯಷ್ಟು ತಿರುಗಿಸಿ ನೋಡಿದ. ಬೋಲ್ಟು ಅದರ ಜೊತೆ ತಿರುಗಿತು. ಮುರಿದಿರಲಿಲ್ಲ, ತುಕ್ಕು ಬಿಟ್ಟಿತ್ತು.

ಎಣ್ಣೆ ಸೋರುವುದಕ್ಕೆ ಕಾರಣವೂ ಆ ದಿನವೇ ಸಿಕ್ಕಿತು. ಇಂಜಿನ್ನಿನೊಳಗಿನ ಆವಿ ಹೊರಹೋಗುವ ಉಸಿರುಕೊಳವೆಯನ್ನು ಬಿಚ್ಚಿದರೆ ಒಳಗೆ ಡಾಂಬರಿನಂಥ ಗಟ್ಟಿ ಕರಿ ಕಟ್ಟಿಕೊಂಡಿತ್ತು. ಉಸಿರು ಬಿಡಲು ದಾರಿಯಿಲ್ಲದೆ ಇಂಜಿನ್ನು ಸಂದಿ ಕಂಡಲ್ಲೆಲ್ಲ ಎಣ್ಣೆಯನ್ನು ನೂಕುತ್ತಿತ್ತು. ಮುಚ್ಚಳದ ಗ್ಯಾಸ್ಕೆಟ್ ಮೂರು ಸಲ ಬದಲಿಸಿದರೂ ನಿಲ್ಲದ್ದು ಅದಕ್ಕೇ. ಪಾಯಪ್ಪ ಆ ಕೊಳವೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

“ಇದನ್ನ ನಾ ಮೊದಲ ಬಿಚ್ಚಿ ನೋಡಬೇಕಾಗಿತ್ತು,” ಎಂದ. ಮಂಗಲಾ ಅವನಿಗೆ ಚಹಾ ಹೇಳಿದಳು.

ಎಲ್ಲ ಜೋಡಿಸಿದ ಮೇಲೂ ಅವಳ ಭಯ ಹೋಗಲಿಲ್ಲ. ವಿಷಗಾಳಿ ಕಣ್ಣಿಗೆ ಕಾಣದಿದ್ದ ಮೇಲೆ ಹೋಯಿತೆಂದು ನಂಬುವುದು ಹೇಗೆ? ಪಾಯಪ್ಪ ಹತ್ತಿರದ ಎರಕದ ಕಾರ್ಖಾನೆಯ ಪರಿಚಯದವನಿಂದ ಗಾಳಿ ಅಳೆಯುವ ಮೀಟರು ತಂದ. ಮಂಗಲಾ ಅದನ್ನು ಮಡಿಲಲ್ಲಿಟ್ಟುಕೊಂಡು ಗಾಡಿಯೊಳಗೆ ಕೂತು, ಕಿಟಕಿ ಏರಿಸಿ, ಇಂಜಿನ್ ಚಾಲೂ ಮಾಡಿದಳು. ಪಾಯಪ್ಪ ಹೊರಗೆ ಬಾಗಿಲಿನ ಹಿಡಿಕೆಯ ಮೇಲೆ ಕೈಯಿಟ್ಟು ನಿಂತ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೀಟರು ಕಿರ್ರೆಂದಿತು. ಪಾಯಪ್ಪ ಬಾಗಿಲು ತೆರೆಯುವ ಮೊದಲೇ ಅವಳು ಹೊರಗೆ ಹಾರಿದ್ದಳು.

“ಇನ್ನೂ ಬರಾಕತ್ತೈತಿ ಕಾಕಾ!”

ಈ ಸಲ ಹಿಂದಿನಿಂದ. ಡಿಕ್ಕಿಯ ಮುಚ್ಚಳದ ರಬ್ಬರು ಸವೆದು, ಸೈಲೆನ್ಸರಿನ ಹೊಗೆ ಅಲ್ಲಿಂದ ಸೀಟಿನ ಹಿಂಬದಿಗೆ ನುಸುಳುತ್ತಿತ್ತು, ಚಂದ್ರಾಬಾಯಿ ತಲೆ ಆನಿಸುತ್ತಿದ್ದ ಜಾಗಕ್ಕೇ. ಹೊಸ ರಬ್ಬರು ಕೂಡಿಸಿ, ಡಿಕ್ಕಿಯ ನೆಲದ ತೂತುಗಳಿಗೆ ತಗಡು ಬೆಸೆದರು. ಮಂಗಲಾ ಮತ್ತೆ ಒಳಗೆ ಕೂತಳು. ಈ ಸಲ ಪಾಯಪ್ಪ ಸಾಕು ಎಂದು ಗಾಜು ಬಡಿಯುವವರೆಗೂ ಏಳಲಿಲ್ಲ. ಮೀಟರು ಸುಮ್ಮನಿತ್ತು.

ಗಾಡಿ ಮನೆಗೆ ಬಂದರೂ ಯಾರ ಫೋನೂ ಬರಲಿಲ್ಲ. ಊರಿನ ಬಾಯಲ್ಲಿ ಅದು ಜೀವ ತೆಗೆಯುವ ಗಾಡಿಯಾಗಿತ್ತು. ಮಂಗಲಾ ಒಬ್ಬಳೇ ಅದರಲ್ಲಿ ಸಂತೆಗೆ ಹೋಗಿ ಬರುತ್ತಿದ್ದಳು. ಕೊನೆಗೆ ಒಂದು ಮುಂಜಾನೆ, ಅಷ್ಟು ದಿನ ಬೇರೆ ಗಾಡಿಯಲ್ಲಿ ಕುಲುಕಿ ಹೋಗುತ್ತಿದ್ದ ಚಂದ್ರಾಬಾಯಿಯೇ ಫೋನು ಮಾಡಿಸಿ ಕರೆಸಿದಳು. ಅಂಗಳದಲ್ಲಿ ತಾಯಿಮಗನ ಜಗಳ ನಡೆದಿತ್ತು.

“ಅವ್ವಾ, ನಿನಗ ಜೀವದ ಆಸೆ ಇಲ್ಲೇನ?”

“ಐತಿ, ಅದಕ್ಕ ಆಕೀನ ಕರದೇನಿ. ಮಂಗಲಾ ನನ್ನ ಎಳದು ಹೊರಗ ಹಾಕಿರಲಿಲ್ಲಂದ್ರ ಇವತ್ತ ನನ್ನ ಫೋಟೋಕ್ಕ ಹಾರ ಹಾಕ್ತಿದ್ದಿ. ನಿನ್ನ ಮೊದಲ ಎಳದಾಳೇನ? ನನ್ನ ಎಳದಾಳ. ಗಾಡಿ ಬಾಗಲಾ ತಗಿ.”

ಜಯಪಾಲ ಬಾಗಿಲು ತೆಗೆದ. ಆದರೆ ತಾನು ಒಳಗೆ ಕೂರಲಿಲ್ಲ. ಮೋಟರ್‌ಸೈಕಲ್ ಹತ್ತಿ, ಕಿಟಕಿಯ ಪಕ್ಕಕ್ಕೇ ಹಿಡಿದು, ತಾಯಿಯ ಮುಖ ನೋಡುತ್ತ ಮಿರಜಿನವರೆಗೂ ಬಂದ. ಮಂಗಲಾ ಕಿಟಕಿಗಳನ್ನು ಎರಡು ಬೆರಳು ಇಳಿಸಿಯೇ ಇಟ್ಟಿದ್ದಳು. ಚಂದ್ರಾಬಾಯಿ ಶಾಲು ಹೊದ್ದು, ಚಳಿ ಚಳಿ ಎಂದು ಬೈಯುತ್ತ, ದಾರಿಯುದ್ದಕ್ಕೂ ಎಚ್ಚರವಾಗಿಯೇ ಇದ್ದಳು. ಆ ಬೈಗುಳ ನಿಂತಾಗಲೆಲ್ಲ ಮಂಗಲಾ ಕನ್ನಡಿ ನೋಡುತ್ತಿದ್ದಳು.

ಆಸ್ಪತ್ರೆಯ ಮುಂದೆ ಗಾಡಿ ನಿಂತಿತು. ಜಯಪಾಲ ತಾಯಿಯನ್ನು ಹಿಡಿದು ಇಳಿಸಿದ. ಒಳಗೆ ಹೋಗುವ ಮೊದಲು ಹಿಂತಿರುಗಿ, “ಸಂಜಿಕಿ ಇಲ್ಲೇ ಇರ್ರಿ ಮಂಗಲಕ್ಕ, ಹೊಳ್ಳಿ ಕೂಡೇ ಹೋಗೂಣು,” ಎಂದ.