ಮಾಸೂರಿನವನಿಗೆ ನಾನು ಆರಿಸಿದ ಹಾಡು

ಗಂಡಸರಿಗೆ ಹಾಡು ಆರಿಸಿಕೊಡುವುದೇ ನನ್ನ ಕಸುಬು ಎಂದರೆ ಈಗಿನವರು ನಗುತ್ತಾರೆ. ನಗಲಿ. ನಾನು ಹಾನಗಲ್ಲಿನ ಪೇಟಿ ಮಾಸ್ತರ. ಸುತ್ತಲಿನ ಊರುಗಳಲ್ಲಿ ನಾಟಕ ಆಡುವವರಿಗೆ ಹಾರ್ಮೋನಿಯಂ ನುಡಿಸುತ್ತ, ಯಾರ ಗಂಟಲಿಗೆ ಯಾವ ಹಾಡು ಒಗ್ಗುತ್ತದೆಂದು ಹೇಳುತ್ತ ಮುದುಕನಾದೆ. ಶಿಗ್ಗಾಂವಿಯ ಒಬ್ಬ ಬಸ್ ಕಂಡಕ್ಟರ್‌ಗೆ ದೇವರ ಹಾಡು ಕೊಟ್ಟರೆ ದೇವರಿಗೇ ಟಿಕೆಟ್ ಹರಿದು ಕೊಟ್ಟಂತೆ ಹಾಡುತ್ತಾನೆ. ಅವನಿಗೆ ಜಗಳದ ಹಾಡೇ ಸರಿ. ಸವಣೂರಿನ ಬಟ್ಟೆ ಅಂಗಡಿಯವನ ದನಿ ಸಣ್ಣದು, ಆದರೆ ಕಣ್ಣು ದೊಡ್ಡವು. ಪ್ರೇಮದ ಹಾಡು ಕೊಟ್ಟರೆ ಅರ್ಧ ಕಣ್ಣಲ್ಲೇ ಮುಗಿಸಿಬಿಡುತ್ತಾನೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದೆ ಎನ್ನುವ ಸೊಕ್ಕೂ ಇತ್ತು.

ಎರಡು ವರ್ಷದ ಹಿಂದೆ ಹಾನಗಲ್ಲಿನಲ್ಲಿ ಬರೀ ನಾಟಕದ ಹಾಡುಗಳ ಒಂದು ಕಾರ್ಯಕ್ರಮ ಇಟ್ಟೆವು. ಕಥೆ ಇಲ್ಲ, ವೇಷ ಇಲ್ಲ, ಪರದೆ ಇಲ್ಲ. ನಾಲ್ಕು ತಾಲೂಕಿನ ಗಂಡಸರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಮಂದಿಯ ಮುಖ ನೋಡಿ ಹಾಡಬೇಕು, ಅಷ್ಟೇ. ಮಧ್ಯಾಹ್ನ ಮೂರಕ್ಕೆ ಶುರು ಮಾಡಿ ಊರಿನ ಬಸ್ಸು ತಪ್ಪದಂತೆ ಮುಗಿಸುವುದು ಎಂದು ಮಾತಾಗಿತ್ತು. ಸುಲಭದ ಕೆಲಸ ಎಂದುಕೊಂಡಿದ್ದೆ. ವೇಷ ಇಲ್ಲದೆ ಹಾಡುವುದು ಎಂದರೆ ಏನೆಂದು ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಬಣ್ಣ ಹಚ್ಚಿಕೊಂಡವನ ದುಃಖ ರಾಜನ ದುಃಖ. ನಾಟಕ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣದ ಜೊತೆಗೆ ಅದನ್ನೂ ಒರೆಸಿ ಹಾಕಬಹುದು. ಇಸ್ತ್ರಿ ಅಂಗಿಯವನು ಏನನ್ನು ಒರೆಸಬೇಕು?

ಹಿರೇಕೆರೂರು ತಾಲೂಕಿನಿಂದ ಬಂದವನು ಮಾಸೂರಿನ ರೈತ, ಕೆರೆಯ ನೀರಿನಲ್ಲಿ ಭತ್ತ ಬೆಳೆಯುವವನು. ಇಪ್ಪತ್ತು ವರ್ಷದಿಂದ ನನ್ನ ಪೇಟಿಗೆ ಹಾಡುತ್ತ ಬಂದವನು. ಜೀವಮಾನದಲ್ಲಿ ಒಂದು ಹನಿ ಹೆಂಡ ಮುಟ್ಟದ ಈ ಪುಣ್ಯಾತ್ಮ ಕುಡುಕನ ಹಾಡಿಗೆ ಹೆಸರುವಾಸಿ. ಅವನು ತೂರಾಡುತ್ತ ರಂಗದ ತುದಿಗೆ ಬಂದು ನಿಂತರೆ ಸಾಕು, ಹೆಂಗಸರ ಕಡೆಯಿಂದ ಅವನ ಹೆಂಡತಿಯ ನಗು ಎಲ್ಲರಿಗಿಂತ ಮೊದಲು ಕೇಳುತ್ತಿತ್ತು. ಚೇಷ್ಟೆಯ ಸಾಲು ಬರುವ ಮೊದಲೇ ನಗುತ್ತಿದ್ದ ಹೆಂಗಸು ಅದು. ಆ ಬೇಸಿಗೆಯಲ್ಲಿ ಎಂಟು ದಿನ ಜ್ವರ ಬಂದು ತೀರಿಕೊಂಡಿದ್ದಳು.

ಅವನು ತಾಲೀಮಿಗೆ ಬರುವುದಿಲ್ಲ ಎಂದೇ ತಿಳಿದಿದ್ದೆ. ಮೊದಲ ದಿನವೇ ಬಂದ. ಗಡ್ಡ ಬೋಳಿಸಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದು ಜಮಖಾನೆಯ ಮೇಲೆ ಕುಳಿತ.

"ಮಾಸ್ತರ, ನನಗ ನನ್ನ ಹಾಡಾ ಕೊಡ್ರಿ," ಎಂದ.

"ಕುಡುಕಂದಾ?"

"ಹೂನ್ರಿ. ಅದನ್ನ ಹಾಡಿದ್ರ ಆಕಿ ಅಲ್ಲೇ ಎಲ್ಲೋ ಕುಂತು ನಕ್ಕಂಗ ಆಗತೈತಿ. ಮನ್ಯಾಗ ಒಬ್ಬನಾ ಕುಂತ್ರ ಜೀವಕ್ಕ ಸಮಾಧಾನ ಇಲ್ರಿ."

ಆಗಲೇ ಹೂಂ ಎನ್ನಬೇಕಿತ್ತು. ನನ್ನ ನಾಲಿಗೆಗೆ ಏನು ಬಂದಿತ್ತೋ. "ಹೆಂಡ್ತಿ ಹೋಗಿ ಇನ್ನಾ ವರ್ಷ ತುಂಬಿಲ್ಲ. ನೀ ತೂರ್ಯಾಡಕೋತ ಹಾಡಿದ್ರ ಮಂದಿ ಏನಂದಾರು? ಆಕಿ ಹೋಗಿದ್ದ ಇವಂಗ ಹಬ್ಬ ಆಗೇತಿ ಅಂತಾರ."

ಅವನ ಮುಖ ಸಣ್ಣದಾಯಿತು. "ಹಂಗಂತೀರಾ?" ಎಂದ.

ಮಂದಿಯ ಮಾತು ಬರೀ ನೆವ. ನಿಜ ಹೇಳುತ್ತೇನೆ, ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನು ಮಾಡಲಿ? ಅವನ ಹೆಂಡತಿ ತೀರಿದ ಸುದ್ದಿ ಬಂದ ವಾರದಲ್ಲೇ ನನ್ನ ತಲೆಯಲ್ಲಿ ಒಂದು ಹಾಡು ಕುಳಿತಿತ್ತು. ರಾಣಿಯನ್ನು ಕಳೆದುಕೊಂಡ ರಾಜ ಅರಮನೆ ಬಿಟ್ಟು ಹೊರಬಂದು, ನೀವಾದರೂ ಅವಳನ್ನು ಕಂಡಿರಾ ಎಂದು ಎದುರಿಗೆ ಕುಳಿತ ಮಂದಿಯನ್ನು ಕೇಳುವ ಹಾಡು. ಭೈರವಿಯಲ್ಲಿದೆ. ಹಾಡುವವನಿಗೆ ಗಂಟಲು ಇದ್ದರಷ್ಟೇ ಸಾಲದು, ಎದೆಯೂ ಒಡೆದಿರಬೇಕು. ಅಂಥ ಗಂಡಸು ಸಿಗದೆ ಎಷ್ಟೋ ವರ್ಷ ಆ ಹಾಡನ್ನು ಯಾರಿಗೂ ಕೊಟ್ಟಿರಲಿಲ್ಲ. ಈಗ ಸಿಕ್ಕಿದ್ದ. ಥೂ, ಎಂಥ ಮನುಷ್ಯ ನಾನು.

ನಮ್ಮಲ್ಲಿ ಹಾಡನ್ನು ಸುಮ್ಮನೆ ಬಾಯಲ್ಲಿ ಹೇಳಿ ಕೊಡುವುದಿಲ್ಲ. ಮಾಸ್ತರ ಎರಡು ಎಲೆ, ಒಂದು ಅಡಿಕೆ ಕೈಗಿಟ್ಟು ಇದು ನಿನ್ನ ಹಾಡು ಎನ್ನಬೇಕು. ಇಸಿದುಕೊಂಡವನು ವಾಪಸು ಕೊಡುವಂತಿಲ್ಲ. ಎಲೆ ತರಲು ಅಡುಗೆಮನೆಗೆ ಹೋದಾಗ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಪಡಸಾಲೆಯ ಮಾತೆಲ್ಲ ಅವಳಿಗೆ ಕೇಳಿತ್ತು, ಆ ರಾಜನ ಹಾಡನ್ನು ನಾನು ವಾರಗಟ್ಟಲೆ ಗುನುಗಿದ್ದೂ ಕೇಳಿತ್ತು.

"ಅದನ್ನ ಆಂವಗ ಕೊಡಬ್ಯಾಡ್ರಿ. ಪಾಪ, ನಗಿಸೋ ಹಾಡ ಬೇಡಿದಾಂವಗ ಅಳೋ ಹಾಡ ಯಾಕ ಕೊಡ್ತೀರಿ?"

"ಹಾಡಿನ ವಿಚಾರ ನಿನಗೇನ ತಿಳಿತೈತಿ, ರೊಟ್ಟಿ ಮಾಡು," ಎಂದು ಬಾಯಿ ಮುಚ್ಚಿಸಿ ಎಲೆ ತೆಗೆದುಕೊಂಡು ಬಂದೆ. ಅವನು ಎರಡೂ ಕೈ ಚಾಚಿ ಇಸಿದುಕೊಂಡ.

ಕಾರ್ಯಕ್ರಮದ ದಿನ ಸಭಾಗೃಹ ತುಂಬಿತ್ತು. ಕಂಡಕ್ಟರ್ ಜಗಳ ಮಾಡಿ ಹೋದ, ಬಟ್ಟೆ ಅಂಗಡಿಯವನು ಕಣ್ಣು ಹೊಡೆದು ಹೋದ. ಕಡೆಗೆ ಮಾಸೂರಿನವನು ಬಿಳಿ ಅಂಗಿ ತೊಟ್ಟು ಬಂದು ನಿಂತ. ಪೇಟಿಯ ಎರಡನೆಯ ಕರಿ ಮನೆ ಒತ್ತಿ ಹಿಡಿದು ಶ್ರುತಿ ಕೊಟ್ಟೆ. ತಾಲೀಮಿನಲ್ಲಿ ತಲೆ ತಗ್ಗಿಸಿ ಹಾಡುತ್ತಿದ್ದವನು ಅಂದು ತಲೆ ಎತ್ತಿ ಹೆಂಗಸರ ಕಡೆ ನೋಡಿದ. ಕಂಡಿರಾ ಎಂದು ಕೇಳಿದ. ಅವನು ರಾಜನ ಪರವಾಗಿ ಕೇಳುತ್ತಿಲ್ಲ ಎಂದು ಸಭೆಗೆ ಮೊದಲ ಸಾಲಿಗೇ ಗೊತ್ತಾಯಿತು. ಮುಂದೆ ಕುಳಿತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಮೈ ಜುಂ ಎಂದಿತು. ಖುಷಿಗೆ, ದುಃಖಕ್ಕಲ್ಲ.

ಹಾಡು ಮುಗಿದ ಕೂಡಲೇ ಹಿಂದಿನಿಂದ ಕೂಗು ಬಂತು, ಒನ್ಸ್ ಮೋರ್. ನಮ್ಮ ಕಡೆ ಒನ್ಸ್ ಮೋರ್ ಎಂದರೆ ಹಾಡಿದವನು ಹಾಡಲೇಬೇಕು. ಇಲ್ಲ ಎನ್ನುವ ಹಕ್ಕು ಅವನಿಗಿಲ್ಲ. ಆ ಹಕ್ಕು ಇರುವುದು ಪೇಟಿಯವನಿಗೆ ಮಾತ್ರ. ಅವನು ಪೇಟಿ ಮುಚ್ಚಿ ಕೈ ಮುಗಿದರೆ ಎಷ್ಟೇ ಕೂಗಿದರೂ ಮುಗಿಯಿತು. ಮಾಸೂರಿನವನು ನನ್ನ ಕಡೆ ತಿರುಗಿದ. ನಾನು ಶ್ರುತಿ ಕೊಟ್ಟೆ. ಎರಡನೆಯ ಸಲ ಮೊದಲಿಗಿಂತ ಚೆನ್ನಾಗಿ ಬಂತು. ಮತ್ತೆ ಕೂಗಿದರು. ಈ ಸಲ ಅವನು ಬಹಳ ಹೊತ್ತು ನನ್ನನ್ನೇ ನೋಡಿದ. ಅಂಗೈ ಸ್ವಲ್ಪ ಎತ್ತಿದ, ಸಾಕು ಎನ್ನುವ ಹಾಗೆ. ನನಗೆ ಕಂಡಿತು. ಕಾಣಲಿಲ್ಲ ಎಂದು ಇವತ್ತಿಗೂ ಯಾರ ಮುಂದೆಯೂ ಹೇಳಿಲ್ಲ. ಕಂಡೂ ಶ್ರುತಿ ಕೊಟ್ಟೆ.

ಮೂರನೆಯ ಸಲ ಒಂದು ಸ್ವರವೂ ತಪ್ಪಲಿಲ್ಲ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತ, ಎಲ್ಲಿ ದನಿ ಒಡೆಯಬೇಕೋ ಅಲ್ಲಿ ಒಡೆದ. ಆಮೇಲೆ ನನ್ನ ಸುತ್ತ ಮಂದಿ ಮುತ್ತಿದರು. ಹಾಡು ಆರಿಸಿದರೆ ಹಿಂಗ ಆರಿಸಬೇಕು ನೋಡ್ರಿ ಎಂದು ಕೈ ಕುಲುಕಿದರು. ಅವನು ಊಟಕ್ಕೆ ನಿಲ್ಲದೆ ಬಸ್ ಹತ್ತಿ ಹೋಗಿದ್ದ. ಮರುದಿನದಿಂದ ನನ್ನ ಫೋನ್ ಎತ್ತಲಿಲ್ಲ.

ಆರು ತಿಂಗಳಾದ ಮೇಲೆ ಹಿರೇಕೆರೂರಿನವರು ಅಂಥದೇ ಕಾರ್ಯಕ್ರಮ ಮಾಡುತ್ತೇವೆಂದು ಬಂದರು. ಅವರಿಗೆ ಅದೇ ಹಾಡು ಬೇಕು, ಅದೇ ಮನುಷ್ಯ ಬೇಕು. ಕೇಳಿ ನೋಡುತ್ತೇನೆ ಎಂದು ಮಾಸೂರಿಗೆ ಹೋದೆ. ಕ್ಷಮೆ ಕೇಳಲು ಹೊರಟಿದ್ದೇನೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅವನು ಗದ್ದೆಗೆ ನೀರು ಬಿಡುತ್ತಿದ್ದ. ನನ್ನನ್ನು ಕಂಡು ಸಲಿಕೆ ಇಟ್ಟು, "ಬರ್ರಿ ಮಾಸ್ತರ, ಕುಂತ್ರಿ," ಎಂದು ಬದುವಿನ ಮೇಲೆ ಟವೆಲ್ ಹಾಸಿದ. ಸಿಟ್ಟಿನ ಸುಳಿವೂ ಇರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

"ನಂದು ತಪ್ಪಾತು," ಎಂದೆ. "ನೀ ಕೈ ಎತ್ತಿದ್ದು ಕಂಡಿತ್ತು ನನಗ."

"ಇರಲಿ ಬಿಡ್ರಿ." ಕಾಲಿನಿಂದ ಮಣ್ಣು ಸರಿಸಿ ನೀರಿಗೆ ದಾರಿ ಮಾಡಿದ. "ಮೊದಲನೇ ಸಲ ಹಾಡಿದಾಗ ಆಕಿ ಖರೇನ ಕಂಡಳ್ರಿ ಮಾಸ್ತರ. ಹೆಂಗಸ್ರ ನಡಕ ಕುಂತಿದ್ಲು. ಎರಡನೇ ಸಲ ಹುಡುಕಿದ್ನಿ, ಮಸುಕ ಮಸುಕ ಕಂಡ್ಲು. ಮೂರನೇ ಸಲ ಮಂದಿ ಅಷ್ಟಾ ಕಂಡರು. ಅವತ್ತಿಂದ ಮನ್ಯಾಗ ಕಣ್ಣ ಮುಚ್ಚಿ ಆಕಿನ್ನ ನೆನಸಾಕ ಹೋದ್ರ ಮಂದಿ ಚಪ್ಪಾಳಿ ಹೊಡದಂಗ ಆಗತೈತಿ. ಮುಖ ಬರವಲ್ದು."

ಹಿರೇಕೆರೂರಿನ ವಿಷಯ ಎತ್ತದೆ ಎದ್ದು ಬಂದುಬಿಡೋಣ ಎಂದುಕೊಂಡೆ. ಆದರೆ ಅವನಿಗೆ ಆ ಸುದ್ದಿ ಮೊದಲೇ ತಲುಪಿತ್ತು.

"ಹಿರೇಕೆರೂರಿಗೆ ಕರ್ಯಾಕ ಬಂದೀರಿ ಹೌದಿಲ್ರಿ?" ಎಂದ. "ಬರ್ತೇನ್ರಿ. ಈಗ ಎಷ್ಟ ಸಲ ಒನ್ಸ್ ಮೋರ್ ಅಂದ್ರೂ ಹಾಡತೇನಿ. ಇನ್ನ ಅದು ಬರೇ ಹಾಡು. ಯಾವತ್ತ ಐತಿ?"

ಯಾವತ್ತು ಎಂದು ನಾನು ಹೇಳಿದೆ.